ಹೋದ ಕರೆಂಟು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಮ್ಮ ನೌಕರರ ಸಂಘದ ಪರಶುರಾಮ್ ಅವರೇ, ನನ್ನಂಥ ಒಬ್ಬ ಹಿರಿಯ ಸಹಾಯಕನನ್ನು ಬೀಳ್ಕೊಡುವುದಕ್ಕೆ ತಮ್ಮ ಶನಿವಾರವನ್ನು ಕೊಟ್ಟಿರುವ ಅಧೀಕ್ಷಕ ಎಂಜಿನಿಯರ್ ವಿಜಯಕುಮಾರ್ ಸಾಹೇಬರೇ, ವೇದಿಕೆಯ ಮೇಲಿರುವ ಗಣ್ಯರೇ, ಹೊಳೆಸಾಲು ಉಪವಿಭಾಗದ ನನ್ನ ಸಹೋದ್ಯೋಗಿಗಳೇ, ಬೆಳಗ್ಗೆಯಿಂದ ಕಂಬ ಹತ್ತಿ ಇಳಿದು ಈಗ ಹಿಂದಿನ ಸಾಲಿನಲ್ಲಿ ಕುಳಿತಿರುವ ಲೈನ್‌ಮನ್‌ಗಳೇ, ಪಕ್ಕದ ಕೋಣೆಯಿಂದ ಊಟದ ವಾಸನೆ ಬರುತ್ತಿದ್ದರೂ ಏಳದೆ ಕುಳಿತಿರುವ ಸಭಿಕರೇ.

ನನಗಿಂತ ಮೊದಲು ಐದು ಜನ ಮಾತಾಡಿದರು. ಐವರೂ ನನ್ನನ್ನು ಅಜಾತಶತ್ರು ಎಂದರು. ಎರಡು ವರ್ಷದ ಹಿಂದೆ ಇದೇ ದೇವರಾಜ ಅರಸು ಬಡಾವಣೆಯ ಇದೇ ಸಮುದಾಯ ಭವನದಲ್ಲಿ ನಿವೃತ್ತರಾದ ಒಬ್ಬರನ್ನೂ ನಾವು ಅಜಾತಶತ್ರು ಎಂದೇ ಹೊಗಳಿದ್ದೆವು. ಅವರ ಮೇಲೆ ಆಗ ಮೂರು ವಿಚಾರಣೆ ನಡೆಯುತ್ತಿದ್ದವು. ಶಾಲು ಹೊದಿಸಿದ ಮೇಲೆ ಎಲ್ಲರೂ ಅಜಾತಶತ್ರುಗಳೇ. ಇರಲಿ.

ಐವರಲ್ಲಿ ಮೂವರು ನನ್ನ ಕೈಬರಹವನ್ನು ಹೊಗಳಿದರು. ಗುತ್ತೆಪ್ಪನವರ ಅಕ್ಷರ ಎಂದರೆ ಮುತ್ತು ಪೋಣಿಸಿದ ಹಾಗೆ ಎಂದರು. ಅದು ಸುಳ್ಳಲ್ಲ. ಕಂಪ್ಯೂಟರ್ ಬಂದ ಮೇಲೂ ನಮ್ಮ ಕಚೇರಿಯಲ್ಲಿ ಯಾರದಾದರೂ ಹೇಳಿಕೆ ಬರೆದುಕೊಳ್ಳಬೇಕಾದರೆ, ಸ್ಥಳ ಪರಿಶೀಲನೆಯ ವರದಿ ಬರೆಯಬೇಕಾದರೆ, "ಗುತ್ತೆಪ್ಪನವರ ಕೈಲಿ ಬರೆಸಿ" ಎನ್ನುವುದು ರೂಢಿ. ನನ್ನ ಅಕ್ಷರದಲ್ಲಿ ಬರೆದದ್ದನ್ನು ಮೇಲಿನವರು ಪ್ರಶ್ನೆ ಮಾಡುವುದಿಲ್ಲ. ದುಂಡಗೆ ಬರೆದದ್ದು ನಿಜವೇ ಇರಬೇಕು ಎಂದು ಎಲ್ಲರಿಗೂ ಅನಿಸುತ್ತದೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನನಗೆ ಇಂದು ಸಿಟ್ಟು ಬಂದಿದೆ. ಬೀಳ್ಕೊಡುಗೆಯ ದಿನ ಕಣ್ಣಲ್ಲಿ ನೀರು ತಂದುಕೊಂಡು, ತಿಳಿದೋ ತಿಳಿಯದೆಯೋ ಯಾರಿಗಾದರೂ ನೋವು ಮಾಡಿದ್ದರೆ ಕ್ಷಮಿಸಿ ಎನ್ನಬೇಕು. ನನಗೆ ಆ ಮಾತು ಬಾಯಿಗೆ ಬರುತ್ತಿಲ್ಲ. ಮೂವತ್ತಾರು ವರ್ಷ ಬಾರದೇ ಇದ್ದ ಸಿಟ್ಟು ಕಳೆದ ಭಾನುವಾರ ಬಂದು ಎದೆ ಮೇಲೆ ಕೂತಿದೆ. ಇಳಿಯುತ್ತಿಲ್ಲ. ಅದನ್ನು ಇಲ್ಲೇ ಇಳಿಸಿ ಹೋಗುತ್ತೇನೆ. ಈ ಸಭೆಗೆ...

ನೋಡಿ. ಕರೆಂಟು ಹೋಯ್ತು.

ಮೈಕ್ ಇಲ್ಲದಿದ್ದರೂ ಪರವಾಗಿಲ್ಲ, ಮೀಟರ್ ರೀಡರ್ ಆಗಿ ಇಪ್ಪತ್ತು ವರ್ಷ ಬೀದಿ ಬೀದಿಯಲ್ಲಿ ಕೂಗಿದ ಗಂಟಲು ಇದು. ನಗಿರಿ, ಚೆನ್ನಾಗಿ ನಗಿರಿ. ಕರೆಂಟಿನ ಕಂಪನಿಯ ಸಮಾರಂಭದಲ್ಲೇ ಕರೆಂಟು ಹೋದರೆ ನಗದೆ ಅಳುವುದಕ್ಕಾಗುತ್ತದೆಯೇ? ಸಾಹೇಬರು ಯಾರಿಗೋ ಫೋನ್ ಮಾಡುತ್ತಿದ್ದಾರೆ. ಬೇಡ ಸಾಹೇಬರೇ, ಪಾಪ, ಅಲ್ಲಿ ಯಾವುದೋ ಫ್ಯೂಸ್ ಹೋಗಿರುತ್ತದೆ. ಹಾಂ, ಜನರೇಟರ್ ಶುರುವಾಯಿತು. ಈಗ ನಡೆದದ್ದನ್ನೂ ನೆನಪಿಟ್ಟುಕೊಳ್ಳಿ. "ಕರೆಂಟು ಹೋಯ್ತು" ಎಂದು ನಾನು ಅಂದೆ, ನೀವೆಲ್ಲ ತಲೆ ಎತ್ತಿ ಫ್ಯಾನ್ ನೋಡಿದಿರಿ. ಒಬ್ಬರಾದರೂ ಮೀಟರ್ ನೋಡಿದಿರಾ? ಹೋದದ್ದು ಎಷ್ಟು ಯೂನಿಟ್ ಎಂದು ಕೇಳಿದಿರಾ? ಇಲ್ಲ. ಯಾರು ಕೇಳುತ್ತಾರೆ?

ಸಭಿಕರೇ, ಪಿ.ಜೆ. ಬಡಾವಣೆಯ ಹೋಟೆಲಿನಲ್ಲಿ ನೆಮ್ಮದಿಯಿಂದ ಒಂದು ದೋಸೆ ತಿನ್ನಲು ನನಗೆ ಇಷ್ಟು ವರ್ಷ ಆಗಿಲ್ಲ. ಗುರುತಿನವರು ಬಿಲ್ಲು ಹಿಡಿದುಕೊಂಡು ಎದುರು ಬಂದು ಕೂರುತ್ತಾರೆ. ಒಬ್ಬರು ಕೇಳುತ್ತಾರೆ, ತಿಂಗಳಿಡೀ ಮನೆಗೆ ಬೀಗ ಹಾಕಿಕೊಂಡು ಮಗಳ ಬಾಣಂತನಕ್ಕೆ ಹೋಗಿದ್ದೆವು, ಆದರೂ ಬಿಲ್ಲು ಯಾಕೆ ಬಂತು? ನಾನು ಹೇಳುತ್ತೇನೆ, ಅದು ನಿಗದಿತ ಶುಲ್ಕ, ತಂತಿ ನಿಮ್ಮ ಮನೆಯವರೆಗೆ ಬಂದು ನಿಂತಿದೆಯಲ್ಲ, ಅದಕ್ಕೆ. ಇನ್ನೊಬ್ಬರು ಕೇಳುತ್ತಾರೆ, ನಾನು ಮಾಳಿಗೆ ಮೇಲೆ ಕರೆಂಟು ಮಾಡಿ ನಿಮಗೆ ಕೊಟ್ಟರೆ ಒಂದು ದರ, ಅದೇ ಕರೆಂಟನ್ನು ನೀವು ಪಕ್ಕದ ಮನೆಗೆ ಕೊಟ್ಟರೆ ಅದಕ್ಕಿಂತ ಹೆಚ್ಚಿನ ದರ, ಇದು ಯಾವ ನ್ಯಾಯ? ನಾನು ಹೇಳುತ್ತೇನೆ, ಅದು ದರ ನಿಗದಿ ಮಾಡುವ ಆಯೋಗದ ಆದೇಶ. ಎಲ್ಲಕ್ಕೂ ನನ್ನ ಬಳಿ ಉತ್ತರ ಇತ್ತು. ಉತ್ತರ ಹೇಳಿ ದೋಸೆ ತಿನ್ನುವಷ್ಟರಲ್ಲಿ ದೋಸೆ ಆರಿರುತ್ತಿತ್ತು. ಆದರೂ ತಿನ್ನುತ್ತಿದ್ದೆ. ಸಿಟ್ಟು ಬರುತ್ತಿರಲಿಲ್ಲ.

ನನ್ನ ತಂಗಿಯನ್ನು ಜಗಳೂರಿನ ಕಡೆ ಕೊಟ್ಟಿದ್ದೇವೆ. ಅವಳ ಊರಿನ ಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಂತಿವೆ. ಹಗಲೆಲ್ಲ ತಿರುಗುತ್ತವೆ. ಕೆಳಗೆ ಅವಳ ಮನೆಯಲ್ಲಿ ಮಿಕ್ಸರ್ ತಿರುಗುವುದಿಲ್ಲ. "ಅಣ್ಣಾ, ನಮ್ಮ ಗಾಳೀಲಿ ಮಾಡಿದ ಕರೆಂಟು ನಮ್ಮ ಮನೀಗೆ ಯಾಕ ಬರಂಗಿಲ್ಲ?" ಎಂದು ಪ್ರತಿ ದೀಪಾವಳಿಗೂ ಕೇಳುತ್ತಾಳೆ. ಅದು ಗ್ರಿಡ್ಡಿಗೆ ಹೋಗುತ್ತದಮ್ಮ ಎಂದು ಪ್ರತಿ ದೀಪಾವಳಿಗೂ ಹೇಳುತ್ತೇನೆ. ಗ್ರಿಡ್ಡು ಎಲ್ಲೈತೆ ಅಣ್ಣಾ, ನಾನೇ ಹೋಗಿ ಕೇಳ್ತೀನಿ ಎನ್ನುತ್ತಾಳೆ. ಆಗಲೂ ನಾನು ನಗುತ್ತಿದ್ದೆ.

ಹಾಗಾದರೆ ಈಗ ಯಾಕೆ ಸಿಟ್ಟು? ಈ ಫಲಕ ನೋಡಿ ಸಿಟ್ಟು.

ನನ್ನ ಎಡಕ್ಕೆ, ಕೆಂಪು ಬಟ್ಟೆ ಮುಚ್ಚಿ ನಿಲ್ಲಿಸಿದ್ದಾರಲ್ಲ, ಈ ಫಲಕ. ನನ್ನ ಮಾತು ಮುಗಿದ ಮೇಲೆ ವಿಜಯಕುಮಾರ್ ಸಾಹೇಬರು ಇದನ್ನು ಅನಾವರಣ ಮಾಡುವವರಿದ್ದಾರೆ. ಒಳಗೆ ಏನು ಬರೆದಿದೆ ಎಂದು ನನಗೆ ಗೊತ್ತು, ಯಾಕೆಂದರೆ ಒಕ್ಕಣೆ ಬರೆದುಕೊಟ್ಟವನು ನಾನೇ. "ಗ್ರಾಹಕಸ್ನೇಹಿ ಉಪವಿಭಾಗ. ಬಾಕಿ ದೂರುಗಳು: ಸೊನ್ನೆ." ಇಡೀ ವೃತ್ತದಲ್ಲಿ ಒಂದು ದೂರೂ ಬಾಕಿ ಇಲ್ಲದ ಉಪವಿಭಾಗ ನಮ್ಮದೊಂದೇ. ಚಪ್ಪಾಳೆ ಬೇಡ. ದಯವಿಟ್ಟು ಬೇಡ. ಈ ಸೊನ್ನೆ ಹೇಗೆ ಬಂತು ಎಂದು ಕೇಳಿದ ಮೇಲೆ ನಿಮಗೆ ತಟ್ಟಬೇಕೆನಿಸಿದರೆ ತಟ್ಟಿ.

ಅದಕ್ಕೆ ನಾನು ನಿಮಗೆ ಲಾಲ್ ಸಾಬ್ರ ವಿಷಯ ಹೇಳಬೇಕು.

ಹರಿಹರದಲ್ಲಿ ಮೋಟಾರ್ ಕೆಟ್ಟರೆ ಲಾಲ್ ಸಾಬ್ ಎನ್ನುವ ಕಾಲವೊಂದಿತ್ತು. ಮಲೆಬೆನ್ನೂರು ಕಡೆಯ ಗದ್ದೆಗಳಿಂದ ಟ್ರ್ಯಾಕ್ಟರಿನಲ್ಲಿ ಸುಟ್ಟ ಮೋಟಾರುಗಳು ಅವರ ಅಂಗಡಿಗೆ ಬರುತ್ತಿದ್ದವು. ಅವರು ಒಳಗಿನ ಸುಟ್ಟ ತಂತಿ ಬಿಚ್ಚಿ, ಹೊಸ ತಾಮ್ರದ ತಂತಿ ಸುತ್ತಿ ಕಳಿಸುತ್ತಿದ್ದರು. ಸುತ್ತು ಎಣಿಸುವುದಕ್ಕೆ ಅವರಿಗೆ ಯಂತ್ರ ಬೇಕಿರಲಿಲ್ಲ, ಕಣ್ಣೇ ಸಾಕಿತ್ತು. ನಾನು ಇಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಮೀಟರ್ ರೀಡರ್ ಆಗಿ ಹರಿಹರಕ್ಕೆ ಬಂದಾಗ ಅವರ ಮನೆಯ ಹೊರಗಿನ ಕೋಣೆ ಬಾಡಿಗೆಗೆ ಹಿಡಿದೆ. ಮೂರು ವರ್ಷ ಇದ್ದೆ. ಬಾಡಿಗೆ ಕೋಣೆಗೆ ಮಾತ್ರ. ಊಟಕ್ಕೆ ಅವರು ಎಂದೂ ಲೆಕ್ಕ ಹಿಡಿಯಲಿಲ್ಲ. ಅವರ ಹೆಂಡತಿ ಹಜೀರಾಬೀ ನನಗೆ ಹಜೀರಕ್ಕ ಆದರು. ನಾನು ಮಾಂಸ ತಿನ್ನುವವನಲ್ಲ ಎಂದು ನನಗೊಂದು ಬೇರೆ ಪಾತ್ರೆಯನ್ನೇ ಇಟ್ಟಿದ್ದರು. ಮೊದಲನೆಯ ಚಳಿಗಾಲಕ್ಕೆ ನನ್ನ ಹತ್ತಿರ ಹೊದೆಯುವುದಕ್ಕೆ ಏನೂ ಇಲ್ಲ ಎಂದು ತಿಳಿದು ಒಂದು ಕೌದಿ ಹೊಲಿದರು. ಹಳೆಯ ಸೀರೆ, ಲಾಲ್ ಸಾಬ್ರ ಹಳೆಯ ಲುಂಗಿ, ಅದು ಸಾಲದೆ ಹೋದಾಗ ನನ್ನದೇ ಹರಿದ ಖಾಕಿ ಅಂಗಿ. ಮಧ್ಯದಲ್ಲಿ ಖಾಕಿಯ ಒಂದು ಚೌಕ. ಮದುವೆಯಾಗಿ ಕೋಣೆ ಬಿಡುವಾಗ ಆ ಕೌದಿಯನ್ನು ಅಲ್ಲೇ ಬಿಟ್ಟುಬಂದೆ. ಹೊಸ ಹೆಂಡತಿಯ ಮುಂದೆ ಹಳೆಯ ಕೌದಿ ಯಾಕೆ ಎಂದು ನಾಚಿಕೆ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ? ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಮುಂದಕ್ಕೆ ಹೋಗುತ್ತೇನೆ.

ಆರು ವರ್ಷದ ಹಿಂದೆ ನಮ್ಮ ಕಂಪನಿ ಮನೆ ಮನೆಗೆ ಕರಪತ್ರ ಹಂಚಿತು. ನಿಮ್ಮ ಮಾಳಿಗೆಯೇ ನಿಮ್ಮ ವಿದ್ಯುತ್ ಕೇಂದ್ರ. ಬಿಸಿಲಿಗೆ ಬರವಿಲ್ಲದ ಸೀಮೆ ನಮ್ಮದು, ಮಾಳಿಗೆಯ ಮೇಲೆ ಸೌರ ಫಲಕ ಹಾಕಿ, ನಿಮ್ಮ ಬಳಕೆ ಮುಗಿದು ಉಳಿದ ಕರೆಂಟನ್ನು ನಾವು ಕೊಳ್ಳುತ್ತೇವೆ. ತಿಂಗಳಿಗೆ ಇಷ್ಟು ಮನೆ ಒಪ್ಪಿಸಬೇಕೆಂದು ನಮಗೆ ಗುರಿ ಕೊಟ್ಟಿದ್ದರು. ನಾನು ಮೊದಲು ಯಾರ ಮನೆಗೆ ಹೋದೆ ಎಂದು ನಿಮಗೆ ಗೊತ್ತಾಗಿರುತ್ತದೆ. ಲಾಲ್ ಸಾಬ್ರು ಆಗಷ್ಟೇ ಅಂಗಡಿ ಮುಚ್ಚಿದ್ದರು. ಕರಪತ್ರ ಓದಿಸಿಕೊಂಡು ಕೇಳಿದರು, "ಏ ತಮ್ಮ, ಜೀವನ ಪೂರ್ತಿ ಕರೆಂಟು ತಿನ್ನೋ ಮಷೀನೇ ರಿಪೇರಿ ಮಾಡೀನಿ. ಈಗ ಕರೆಂಟು ಮಾಡಬೌದೇನು?" ಮಾಡಬಹುದು ಸಾಬ್ರೇ ಎಂದೆ. ಅಂಗಡಿಯ ಉಪಕರಣ ಮಾರಿ ಬಂದದ್ದರಲ್ಲಿ ಆರು ಫಲಕ ಹಾಕಿಸಿದರು.

ಅಂಥ ಮನೆಯ ಮೀಟರು ನಿಮ್ಮ ನಮ್ಮ ಮನೆಯ ಮೀಟರಿನ ಹಾಗಲ್ಲ. ಅದರಲ್ಲಿ ಎರಡು ಅಂಕಿ ಬರುತ್ತವೆ. ಬೀದಿಯ ತಂತಿಯಿಂದ ಮನೆಗೆ ಬಂದ ಕರೆಂಟು ಒಂದು. ಮಾಳಿಗೆಯಿಂದ ಬೀದಿಗೆ ಹೋದ ಕರೆಂಟು ಇನ್ನೊಂದು. ಬಂದದ್ದರಲ್ಲಿ ಹೋದದ್ದನ್ನು ಕಳೆದು ಬಿಲ್ಲು ಮಾಡಬೇಕು. ನಮ್ಮ ಕಚೇರಿಯಲ್ಲಿ ನಾವು ಹಾಗೇ ಮಾತಾಡುತ್ತೇವೆ, ಆ ಮನೆಗೆ ಬಂದದ್ದೆಷ್ಟು, ಹೋದದ್ದೆಷ್ಟು. ಲಾಲ್ ಸಾಬ್ರು ಮೊದಲನೆಯ ದಿನ ಮೀಟರಿನ ಮುಂದೆ ಕುರ್ಚಿ ಹಾಕಿಕೊಂಡು ಸಂಜೆವರೆಗೂ ಕೂತರು. ಆಮೇಲೆ ಅದು ದಿನಚರಿಯೇ ಆಯಿತು. ಸಂಜೆ ನಮಾಜಿಗೆ ಹೋಗುವ ಮೊದಲು ಮೀಟರು ನೋಡುವುದು, ಇವತ್ತು ಬೀದಿಗೆ ಏಳು ಯೂನಿಟ್ ಕೊಟ್ಟೆ ಎಂದು ಬೀದಿಯವರಿಗೆ ಹೇಳುವುದು. ಪಕ್ಕದ ಮನೆಯ ನಬೀ ಸಾಬ್ ಟಿವಿ ಹಾಕಿದರೆ, ನೋಡಪ್ಪ ನೋಡು, ನನ್ನ ಕರೆಂಟೇ ಅದು ಎಂದು ಚೇಷ್ಟೆ ಮಾಡುವುದು.

ಮೂರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣು ತೆಗೆದುಕೊಂಡಿತು. ಸುತ್ತು ಎಣಿಸುವ ಕಣ್ಣು. ಅಂದಿನಿಂದ ಸಂಜೆ ಹಜೀರಕ್ಕ ಮೀಟರು ನೋಡಿ ಬಂದು ಅಂಕಿ ಹೇಳುತ್ತಾರೆ. ದಿನದಲ್ಲಿ ಸಾಬ್ರು ಕಾಯುವ ಮಾತು ಅದೊಂದೇ.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ. ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಉಪವಿಭಾಗಕ್ಕೆ ಬಿಲ್ಲು ಮಾಡುವ ಹೊಸ ಯಂತ್ರ ಬಂದವು. ಹೊಸ ಯಂತ್ರಕ್ಕೆ ಕಳೆಯುವುದು ಬರುತ್ತಿರಲಿಲ್ಲ. ಆ ಮನೆಯಲ್ಲಿ ಬಂದದ್ದಕ್ಕೆ ಹೋದದ್ದನ್ನು ಕೂಡಿಸಿತು. ಅರ್ಥವಾಯಿತೇ ಸಭಿಕರೇ? ಮನೆಯವರು ನಮಗೆ ಕೊಟ್ಟ ಕರೆಂಟಿಗೆ ನಾವು ಅವರಿಗೇ ಬಿಲ್ಲು ಮಾಡಿದೆವು. ಬಿಸಿಲು ಹೆಚ್ಚಾದ ತಿಂಗಳು ಬಿಲ್ಲು ಹೆಚ್ಚು. ಮೋಡ ಇದ್ದ ತಿಂಗಳು ಕಡಿಮೆ. ಇನ್ನೂರು ಯೂನಿಟ್ಟಿನೊಳಗೆ ಮನೆಗಳಿಗೆ ಉಚಿತ, ನಿಮಗೆಲ್ಲ ಗೊತ್ತು. ಇವರ ಮನೆ ಇನ್ನೂರು ದಾಟಿತು, ಪೂರ್ತಿ ಬಿಲ್ಲು ಬಿತ್ತು. ಆ ಬೀದಿಯ ಎಲ್ಲ ಮನೆಗೂ ಸೊನ್ನೆ ಬಿಲ್ಲು. ಕರೆಂಟು ಮಾಡುವ ಮನೆಯೊಂದಕ್ಕೆ ಮಾತ್ರ ಸಾವಿರಗಟ್ಟಲೆ ಬಿಲ್ಲು. ಇದಕ್ಕೆ ಯಾವ ಆಯೋಗದ ಆದೇಶ ಇದೆ? ಯಾವ ಸುತ್ತೋಲೆ ಇದೆ? ಇದ್ದರೆ ಯಾರಾದರೂ ಎದ್ದು ಹೇಳಿ.

ಹಜೀರಕ್ಕ ಮೂರು ಸಲ ನಮ್ಮ ಕಚೇರಿಗೆ ಬಂದರು. ಬಿಲ್ಲುಗಳನ್ನು ಬ್ರೆಡ್ಡಿನ ಪ್ಲಾಸ್ಟಿಕ್ ಕವರಿನಲ್ಲಿ ಮಡಿಸಿಟ್ಟುಕೊಂಡು ಬಂದಿದ್ದರು. ಮೊದಲ ಸಲ ಒಂದನೆಯ ಕೌಂಟರಿನಿಂದ ನಾಲ್ಕನೆಯದಕ್ಕೆ ಕಳಿಸಿದರು. ಎರಡನೆಯ ಸಲ ಸರ್ವರ್ ಇರಲಿಲ್ಲ. ಮೂರನೆಯ ಸಲ ದೂರು ದಾಖಲಾಯಿತು. ನಾನು ಒಳಗೆ ನನ್ನ ಟೇಬಲ್ಲಿನಲ್ಲೇ ಇದ್ದೆ. ಗಾಜಿನಾಚೆ ಅವರನ್ನು ನೋಡಿದೆ. ಮಾರ್ಚ್ ತಿಂಗಳು, ಮೇಜಿನ ತುಂಬ ಕಡತ. ಎದ್ದು ಹೋಗಲಿಲ್ಲ.

ಮಾರ್ಚ್ ಕೊನೆಯ ವಾರ ನಮ್ಮಲ್ಲಿ ಹಬ್ಬ ಇದ್ದ ಹಾಗೆ. ಬಾಕಿ ಇರುವ ದೂರನ್ನೆಲ್ಲ ಮುಗಿಸಬೇಕು. ಮುಗಿಸಬೇಕು ಎಂದರೆ ಸರಿ ಮಾಡಬೇಕು ಎಂದಲ್ಲ. ಅದು ಈ ಸಭಾಂಗಣದಲ್ಲಿರುವ ಎಲ್ಲರಿಗೂ ಗೊತ್ತು, ಬಾಯಿ ಬಿಡುವುದಿಲ್ಲ ಅಷ್ಟೇ. ಸರಿ ಮಾಡಬೇಕಾದರೆ ಯಂತ್ರ ಕೊಟ್ಟವರಿಗೆ ಬರೆಯಬೇಕು, ಹಳೆಯ ಆರು ತಿಂಗಳ ಬಿಲ್ಲು ತಿದ್ದಬೇಕು, ದೂರು ಜೂನ್‌ವರೆಗೂ ಬಾಕಿ ನಿಲ್ಲುತ್ತದೆ, ಸೊನ್ನೆ ತಪ್ಪುತ್ತದೆ. ಮುಗಿಸುವುದಕ್ಕೆ ಒಂದು ಹೇಳಿಕೆ ಸಾಕು. ಫೋನಿನಲ್ಲಿ ಗ್ರಾಹಕರನ್ನು ಕೇಳಬೇಕು, ಅವರು ಹೇಳಿದ್ದನ್ನು ಬರೆದುಕೊಳ್ಳಬೇಕು, ಕಂಪ್ಯೂಟರಿಗೆ ಹಾಕಬೇಕು. ಕೊನೆಗೆ ಉಳಿದದ್ದು ಒಂದೇ ದೂರು. ಅದರ ಸಂಖ್ಯೆಯ ಕೊನೆಯ ಅಂಕಿಗಳು ನಾನ್ನೂರ ಹದಿನೇಳು.

ನಮ್ಮ ಸಿಬ್ಬಂದಿಯೊಬ್ಬರು ಹಜೀರಕ್ಕನಿಗೆ ಫೋನ್ ಮಾಡಿದರು. ಕಚೇರಿಯ ಭಾಷೆಯಲ್ಲಿ ಕೇಳಿದರು, "ನಿಮ್ಮ ಮನೇದು ಕರೆಂಟು ಎಷ್ಟು ಹೋಗೈತೆ?"

ನೀವೇ ಹೇಳಿ. ನಮ್ಮ ಸೀಮೆಯಲ್ಲಿ ಯಾವ ಮನೆಯ ಹೆಂಗಸಿಗೆ ಈ ಮಾತು ಕೇಳಿದರೆ ಏನು ಅರ್ಥವಾಗುತ್ತದೆ? ಈಗ ಹತ್ತು ನಿಮಿಷದ ಕೆಳಗೆ ನಿಮಗೇನು ಅರ್ಥವಾಯಿತು? ಕರೆಂಟು ಹೋಗುವುದು ಎಂದರೆ ಫ್ಯಾನ್ ನಿಲ್ಲುವುದು. ದಿನಾ ಮೀಟರಿನ ಅಂಕಿ ಓದುವವರಾದರೂ, ಆಫೀಸಿನಿಂದ ಫೋನ್ ಬಂದರೆ ಅವರಿಗೂ ಅದೇ ಅರ್ಥ. ಹಜೀರಕ್ಕ ಹೇಳಿದರು, "ಕರೆಂಟು ಹೋಗೇ ಇಲ್ಲಪ್ಪ ನಮ್ಮನೇಲಿ. ನೀವು ಚಲೋ ಕೊಡಾಕ ಹತ್ತೀರಿ. ಬಿಲ್ಲಿಂದು ಒಂದೀಟು ನೋಡ್ರಿ." ನಮ್ಮನ್ನು ಹೊಗಳಿದರು ಪಾಪ. ಬಿಲ್ಲು ತಪ್ಪಾಗಿದ್ದರೂ ಹೊಗಳಿದರು.

ಆ ಸಿಬ್ಬಂದಿ ಬರೆದುಕೊಂಡರು. "ತಮ್ಮ ಮನೆಯಿಂದ ಕರೆಂಟು ಹೋಗಿರುವುದೇ ಇಲ್ಲವೆಂದು ಗ್ರಾಹಕರು ಸ್ವಯಂ ಹೇಳಿಕೆ ನೀಡಿರುತ್ತಾರೆ. ಆದ್ದರಿಂದ ಕಳೆಯತಕ್ಕ ಯೂನಿಟ್‌ಗಳು ಇರುವುದಿಲ್ಲ. ದೂರನ್ನು ಮುಕ್ತಾಯಗೊಳಿಸಿದೆ." ಮೂರು ವಾಕ್ಯ. ದುಂಡನೆಯ ಅಕ್ಷರ. ಯಾರೂ ಪ್ರಶ್ನೆ ಮಾಡಲಿಲ್ಲ. ಸೊನ್ನೆ ಬಂತು.

ನಿರೂಪಣೆ ಮಾಡುತ್ತಿರುವ ಕೀರ್ತನಾ ಮೇಡಂ ಚೀಟಿ ಕಳಿಸಿದ್ದಾರೆ. "ಸರ್, ಇನ್ನು ಐದು ನಿಮಿಷ." ಆಗಲಿ ಮೇಡಂ. ಮೂವತ್ತಾರು ವರ್ಷದಲ್ಲಿ ಐದು ನಿಮಿಷ ಕೊಟ್ಟಿದ್ದಕ್ಕೆ ಧನ್ಯವಾದ.

ಕಳೆದ ಭಾನುವಾರ ಈ ಸಮಾರಂಭದ ಆಹ್ವಾನ ಪತ್ರಿಕೆ ಕೊಡಲು ಲಾಲ್ ಸಾಬ್ರ ಮನೆಗೆ ಹೋದೆ. ಹತ್ತೂವರೆ ಗಂಟೆ, ಮೇ ತಿಂಗಳ ಬಿಸಿಲು, ರಸ್ತೆಯ ಡಾಂಬರು ಚಪ್ಪಲಿಗೆ ಹತ್ತುತ್ತಿತ್ತು. ಬೀದಿಯಿಂದಲೇ ಮಾಳಿಗೆ ಕಾಣುತ್ತದೆ. ಆರು ಫಲಕಗಳ ಮೇಲೂ ಕೌದಿ ಹಾಸಿತ್ತು. ಗಾಳಿಗೆ ಹಾರದ ಹಾಗೆ ಮೂಲೆಗೊಂದು ಕಲ್ಲು. ಹಜೀರಕ್ಕ ಬಾಗಿಲಲ್ಲೇ ಸಿಕ್ಕರು. ಕೌದಿ ಒಣಗಿಸೋಕೆ ಬೇರೆ ಜಾಗ ಸಿಗಲಿಲ್ಲವೇ ಅಕ್ಕಾ, ಫಲಕದ ಮೇಲೆ ನೆರಳು ಬಿದ್ದರೆ ಕರೆಂಟು ಆಗುವುದಿಲ್ಲವಲ್ಲ ಎಂದೆ. ನನಗೆ ತಿಳಿದದ್ದನ್ನು ಅವರಿಗೆ ಕಲಿಸುವವನ ಹಾಗೆ ಹೇಳಿದೆ.

ಅವರು ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಮೆಲ್ಲಗೆ ಹೇಳಿದರು. "ಒಣಗಿಸಾಕಲ್ಲ ಗುತ್ತೆಪ್ಪ. ಬಿಸ್ಲು ಬಂದ್ರೆ ಬಿಲ್ಲು ಬರ್ತೈತೆ. ಅದಕ್ಕೆ ಹೊದಿಸೀನಿ."

ಬಿಸಿಲು ಬಂದರೆ ಬಿಲ್ಲು ಬರುತ್ತದೆ. ನಮ್ಮ ಕಂಪನಿಯ ಎಂಜಿನಿಯರುಗಳಿಗೆ ಆರು ತಿಂಗಳು ಕಾಣದೇ ಹೋದ ತಪ್ಪನ್ನು ಆ ತಾಯಿ ನಾಲ್ಕು ಮಾತಿನಲ್ಲಿ ಹೇಳಿದರು. ಏಪ್ರಿಲ್ಲಿನಲ್ಲಿ ಕೌದಿಗಳನ್ನು ಒಗೆದು ಫಲಕಗಳ ಮೇಲೆ ಒಣಗಲು ಹಾಕಿದ್ದರಂತೆ. ಆ ಎರಡು ದಿನ ಹೋದ ಕರೆಂಟಿನ ಅಂಕಿ ಏರಲಿಲ್ಲ. ದಿನಾ ಓದುವವರಲ್ಲವೇ, ಕಂಡುಹಿಡಿದರು. ಕೌದಿ ತೆಗೆಯಲೇ ಇಲ್ಲ. ಆ ತಿಂಗಳ ಬಿಲ್ಲು ಸೊನ್ನೆ. ಸ್ವಿಚ್ ಆಫ್ ಮಾಡಬಹುದಿತ್ತಲ್ಲ ಅಕ್ಕಾ ಎಂದು ಕೇಳಿದೆ. ಆಫ್ ಮಾಡಿದರೆ ಗೋಡೆಯ ಮೇಲಿನ ಇನ್ವರ್ಟರ್ ಪೆಟ್ಟಿಗೆಯ ಸದ್ದು ನಿಲ್ಲುತ್ತದೆ, ಸಾಬ್ರು ಆ ಗೋಡೆಗೆ ಒರಗಿಕೊಂಡೇ ಕೂತಿರುತ್ತಾರೆ, ತಿಳಿಯುತ್ತದೆ ಎಂದರು. ಕೌದಿಯ ಸಂದಿನಿಂದ ಬೀಳುವ ಒಂದಿಷ್ಟು ಬೆಳಕಿಗೆ ಪೆಟ್ಟಿಗೆ ಗುಂಯ್ ಎನ್ನುತ್ತಲೇ ಇರುತ್ತದಂತೆ. ಹಾಗಾದರೆ ಸಂಜೆ ಅಂಕಿ? "ಏಳು ಅಂತೀನಿ. ಒಂದೊಂದು ದಿನ ಆರು ಅಂತೀನಿ. ದಿನಾ ಏಳಂದ್ರೆ ನಂಬಂಗಿಲ್ಲ ಅವ್ರು."

ಐವತ್ತು ವರ್ಷ ಗಂಡನಿಗೆ ಒಂದು ಸುಳ್ಳು ಹೇಳದ ಹೆಂಗಸು. ನಾವು ಕಲಿಸಿದೆವು.

ನಾನು ಮಾಳಿಗೆ ಹತ್ತಿದೆ. ಕೌದಿ ತೆಗೆದುಬಿಡಬೇಕೆಂದೇ ಹತ್ತಿದೆ. ಮೂರನೆಯ ಫಲಕದ ಮೇಲೆ ಹಾಸಿದ್ದ ಕೌದಿಯ ಮಧ್ಯದಲ್ಲಿ ಖಾಕಿಯ ಚೌಕ ಇತ್ತು. ಬಣ್ಣ ಹೋಗಿದೆ, ಹೊಲಿಗೆ ಹೋಗಿಲ್ಲ. ನನ್ನ ಅಂಗಿ ಸಭಿಕರೇ. ನನ್ನ ಕಂಪನಿಯ ಸಮವಸ್ತ್ರ. ಅದು ಬಿಸಿಲಿಗೂ ಫಲಕಕ್ಕೂ ನಡುವೆ ಬಿದ್ದಿತ್ತು.

ಕೌದಿ ಮುಟ್ಟದೆ ಇಳಿದು ಬಂದೆ.

ಒಳಗೆ ಲಾಲ್ ಸಾಬ್ರು ನನ್ನ ಹೆಜ್ಜೆಯ ಸದ್ದಿಗೇ ಗುರುತು ಹಿಡಿದು ಕರೆದರು. ಆಹ್ವಾನ ಪತ್ರಿಕೆಯನ್ನು ಕೈಯಲ್ಲಿ ಸವರಿ ನೋಡಿದರು, ಅಕ್ಷರ ಉಬ್ಬಿದೆಯಲ್ಲ, ಚಲೋ ಮಾಡಿಸೀಯ ಎಂದರು. ಆಮೇಲೆ ಕೇಳಿದರು, "ಏ ತಮ್ಮ, ಮೂವತ್ತಾರು ವರ್ಷ ಕರೆಂಟಿನ ಆಫೀಸ್ನಾಗೆ ಇದ್ದೀಯ, ಒಂದು ಮಾತು ಹೇಳು. ನನ್ನ ಕರೆಂಟು ಎಲ್ಲಿಗೆ ಹೋಗ್ತೈತೆ?"

ಹಿಂದೆ ಅಡುಗೆಮನೆಯ ಬಾಗಿಲಲ್ಲಿ ಹಜೀರಕ್ಕ ನಿಂತಿದ್ದರು. ಎರಡು ಕೈ ಜೋಡಿಸಿದರು. ಹೇಳಬೇಡ ಎಂದು.

ನಾನು ಹೇಳಿದೆ, ಎಲ್ಲಿಗೆ ಹೋಗುತ್ತದೆ ಸಾಬ್ರೇ, ನಿಮ್ಮ ಬೀದಿಗೇ ಹೋಗುತ್ತದೆ, ಹೆರಿಗೆ ಆಸ್ಪತ್ರೆಯವರೆಗೂ ಹೋಗುತ್ತದೆ. ಆಸ್ಪತ್ರೆ ಎಂದು ಯಾಕೆ ಸೇರಿಸಿದೆನೋ ಗೊತ್ತಿಲ್ಲ. ಬಾಯಿಗೆ ಬಂತು. ಅವರು, "ಕಣ್ಣಿಲ್ಲದೋನು ನಾನು. ಊರಿಗೆ ಬೆಳಕು ಕೊಡಾಕ ಹತ್ತೀನಿ ನೋಡು" ಎಂದರು. ಹಜೀರಕ್ಕ ತಂದುಕೊಟ್ಟ ಚಹಾ ನನ್ನ ಕೈಯಲ್ಲೇ ಆರಿತು.

ಸಭಿಕರೇ, ನಮ್ಮ ಸಿಬ್ಬಂದಿಯೊಬ್ಬರು ಎಂದು ಹೇಳಿದೆ. ಇಷ್ಟು ಹೊತ್ತು ಸಿಟ್ಟನ್ನು ಯಂತ್ರದ ಮೇಲೆ, ಆಯೋಗದ ಮೇಲೆ, ಈ ಫಲಕದ ಮೇಲೆ ಹಾಕಿದೆ. ಆ ಫೋನ್ ಮಾಡಿದವನು ನಾನು. ಅವರು ದನಿಯಿಂದಲೇ ನನ್ನನ್ನು ಗುರುತು ಹಿಡಿದು, ಊಟ ಆತಾ ಗುತ್ತೆಪ್ಪ ಎಂದು ಮೊದಲು ಕೇಳಿದ್ದರು. ತಪ್ಪು ತಿಳಿದು ಬರೆದೆ ಎಂದುಕೊಳ್ಳಬೇಡಿ. ಕರೆಂಟು ಹೋಗೇ ಇಲ್ಲ ಎಂದು ಅವರು ಅಂದ ತಕ್ಷಣ ಅವರು ಹೇಳುತ್ತಿರುವುದು ಫ್ಯಾನಿನ ಮಾತು, ಮೀಟರಿನ ಮಾತಲ್ಲ ಎಂದು ನನಗೆ ಪೂರ್ತಿ ಅರ್ಥವಾಗಿತ್ತು. ಇನ್ನೊಂದು ಸಲ ಬಿಡಿಸಿ ಕೇಳಿದ್ದರೆ ಒಂದು ನಿಮಿಷ ಆಗುತ್ತಿತ್ತು. ಕೇಳಲಿಲ್ಲ. ಬೇಕಾದ ಉತ್ತರ ಸಿಕ್ಕಿತ್ತು. ಫೋನಿಟ್ಟು, ಪೆನ್ನಿನ ಮುಚ್ಚಳ ತೆಗೆದು, ದುಂಡಗೆ ಬರೆದೆ.

ಭಾನುವಾರ ಮನೆಗೆ ಬಂದು, ಈಗ ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಹೆಂಡತಿ ಉಚ್ಚಂಗಮ್ಮನಿಗೆ ಎಲ್ಲ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ತಲೆ ಎತ್ತದೆ ಅಂದಳು, "ನಿಮ್ಮ ಅಕ್ಷರ ಚಂದ ಐತಿ ಅಂತ ಎಲ್ಲಾರೂ ಅಂತಾರೆ. ಏನು ಬರದೀರಿ ಅಂತ ಯಾರೂ ಓದಿಲ್ಲ." ಅಂದಿನಿಂದ ಬಂದ ಸಿಟ್ಟು ಇದು. ಯಾರ ಮೇಲೆ ಎಂದು ಈಗ ನಿಮಗೆ ತಿಳಿಯಿತು.

ವಿಜಯಕುಮಾರ್ ಸಾಹೇಬರೇ, ಇಂದು ಸಂಜೆ ಐದೂವರೆವರೆಗೆ ನಾನು ನೌಕರ. ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿ ನನ್ನ ಲಾಗಿನ್ ಜೀವಂತ ಇರುತ್ತದೆ. ಇಲ್ಲಿಗೆ ಬರುವ ಮೊದಲು ಕಚೇರಿಗೆ ಹೋಗಿ ನಾನ್ನೂರ ಹದಿನೇಳನೆಯ ದೂರನ್ನು ಮತ್ತೆ ತೆರೆದಿದ್ದೇನೆ. ಕೇಳಿದ ಪ್ರಶ್ನೆ ಮೋಸದ್ದು, ಬರೆದ ಉತ್ತರ ಸುಳ್ಳು, ಎರಡೂ ನನ್ನವು ಎಂದು ಹೇಳಿಕೆ ಬರೆದು ಸಹಿ ಮಾಡಿ ಸೇರಿಸಿದ್ದೇನೆ. ಒಂದು ಪ್ರತಿ ನಿಮ್ಮ ಮುಂದಿರುವ ಹಣ್ಣಿನ ಬುಟ್ಟಿಯ ಕೆಳಗೆ ಇಟ್ಟಿದ್ದೇನೆ. ಈ ಸಲ ಬೇಕೆಂದೇ ವಕ್ರ ಅಕ್ಷರದಲ್ಲಿ ಬರೆದಿದ್ದೇನೆ, ಕಷ್ಟಪಟ್ಟು ಓದಿ. ಪಿಂಚಣಿ ತಡೆಯುವುದಾದರೆ ತಡೆಯಿರಿ, ಉಚ್ಚಂಗಮ್ಮನಿಗೆ ಹೇಳಿಯೇ ಬಂದಿದ್ದೇನೆ.

ಹಾಗಾಗಿ ಈ ಹೊತ್ತಿಗೆ ನಮ್ಮ ಉಪವಿಭಾಗದ ಬಾಕಿ ದೂರು ಸೊನ್ನೆ ಅಲ್ಲ. ಒಂದು. ಪರಶುರಾಮ್ ಅವರೇ, ಆ ಕೆಂಪು ಬಟ್ಟೆಯನ್ನು ಹಾಗೇ ಇರಲು ಬಿಡಿ. ಹರಿಹರದಲ್ಲಿ ಆರು ಫಲಕಗಳ ಮೇಲೆ ಬಟ್ಟೆ ಇರುವವರೆಗೆ ಇದರ ಮೇಲಿನದನ್ನು ತೆಗೆಯುವ ಹಕ್ಕು ನಮಗಿಲ್ಲ. ಶಾಲನ್ನೂ ಇಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೋಗುತ್ತೇನೆ. ಹೊದಿಸಿದ್ದು ಸಾಕು.

ನನ್ನನ್ನು ಇಷ್ಟು ವರ್ಷ ಸಹಿಸಿಕೊಂಡ ಎಲ್ಲರಿಗೂ, ಮಾತನ್ನು ಮಧ್ಯದಲ್ಲಿ ನಿಲ್ಲಿಸದ ಅಧ್ಯಕ್ಷರಿಗೂ, ಕರೆಂಟು ಹೋದಾಗ ಓಡಿ ಹೋಗಿ ಜನರೇಟರ್ ಹಾಕಿದವರಿಗೂ ನನ್ನ ಧನ್ಯವಾದ. ಊಟಕ್ಕೆ ನಾನು ಇರುವುದಿಲ್ಲ. ಈಗ ಹನ್ನೆರಡೂ ಕಾಲು, ಒಂದು ಗಂಟೆಯೊಳಗೆ ಹರಿಹರ ಮುಟ್ಟುತ್ತೇನೆ. ಹೊರಗೆ ಒಳ್ಳೆಯ ಬಿಸಿಲಿದೆ. ಕೌದಿ ತೆಗೆದರೆ ಸಂಜೆಯೊಳಗೆ ನಾಲ್ಕು ಯೂನಿಟ್ ಹೋಗುತ್ತದೆ. ಇವತ್ತು ಲಾಲ್ ಸಾಬ್ರಿಗೆ ಅಂಕಿ ನಾನು ಓದಿ ಹೇಳಬೇಕು. ನಾಲ್ಕು ಎಂದರೆ ನಾಲ್ಕೇ, ಏಳಲ್ಲ. ಯಾಕೆ ಕಡಿಮೆ ಎಂದು ಕೇಳುತ್ತಾರೆ. ಅದನ್ನೂ ಹೇಳಬೇಕು.

ನಮಸ್ಕಾರ.